ಸಮವಸ್ತ್ರ ತೊಡದ ಪೊಲೀಸರು



ಪೊಲೀಸ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಖಾಕಿ, ಲಾಠಿ, ಟೋಪಿ. ಆ ಇಲಾಖೆಯ ಚುಕ್ಕಾಣಿ ಹಿಡಿಯುವವರೂ ಖಾಕಿ ತೊಟ್ಟವರೇ ಆಗಿರಬೇಕೆಂದು ನಾವು ನಂಬಿದ್ದೇವೆ. ಆದರೆ ಅನೇಕ ದೇಶಗಳಿಗೆ ಮಾದರಿಯಾದ ಲಂಡನ್ ಪೊಲೀಸ್ ಶುರುವಾದದ್ದು ಹಾಗಲ್ಲ.

1829ರಲ್ಲಿ ಗೃಹ ಸಚಿವ ರಾಬರ್ಟ್ ಪೀಲ್ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದಾಗ ಅದಕ್ಕೆ ಇಬ್ಬರು ಮುಖ್ಯಸ್ಥರನ್ನು ನೇಮಿಸಿದರು. ಒಬ್ಬರು ವಾಟರ್ಲೂ ಯುದ್ಧದಲ್ಲಿ ಹೋರಾಡಿದ್ದ ಚಾರ್ಲ್ಸ್ ರೋವನ್. ಇನ್ನೊಬ್ಬರು ವಕೀಲ ರಿಚರ್ಡ್ ಮೇನ್. ಹಣಕಾಸು ನೋಡಿಕೊಳ್ಳಲು ‘ರಿಸೀವರ್’ ಎಂಬ ಪ್ರತ್ಯೇಕ ಅಧಿಕಾರಿ. ಶಿಸ್ತು ಸೈನಿಕನಿಂದ, ಕಾನೂನು ವಕೀಲನಿಂದ, ಲೆಕ್ಕ ಮೂರನೆಯವನಿಂದ. ಮೇನ್ 1868ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 39 ವರ್ಷ, ಆ ಹುದ್ದೆಯಲ್ಲಿದ್ದರು.

ಕ್ರಮೇಣ ಅಲ್ಲಿ ಕಾನ್‌ಸ್ಟೆಬಲ್ ಹುದ್ದೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದವರೇ ನಾಯಕರಾಗಬೇಕೆಂಬ ಸಂಪ್ರದಾಯ ಬೇರೂರಿತು. ಹೊರಗಿನವರನ್ನು ನೇರವಾಗಿ ಸೂಪರಿಂಟೆಂಡೆಂಟ್ ಹುದ್ದೆಗೆ ತರುವ ಯೋಜನೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಲ್ಲಿ ಆರಂಭವಾಗಿ 2019ರಲ್ಲಿ ನಿಂತಿತು. ಆದರೆ ಕೆಳಹಂತದಲ್ಲಿ ಬಾಗಿಲು ತೆರೆದಿತ್ತು. 2002ರ ಕಾಯ್ದೆಯ ಪ್ರಕಾರ, ಪೊಲೀಸರಲ್ಲದ ಸಿಬ್ಬಂದಿಗೂ ತನಿಖೆ, ಬಂಧಿತರ ಕಾವಲು ಮುಂತಾದ ಕೆಲಸಗಳಲ್ಲಿ ಮಿತವಾದ ಅಧಿಕಾರ ಕೊಡಬಹುದು.

ನಮ್ಮಲ್ಲಿ ಸ್ಥಿತಿ ತಿರುವುಮುರುವು. ಐಪಿಎಸ್ ಪರೀಕ್ಷೆ ಗೆದ್ದ ಯುವಕ, ಯುವತಿಯರು ನೇರವಾಗಿ ಮೇಲಧಿಕಾರಿಗಳಾಗುತ್ತಾರೆ. ಕಾನ್‌ಸ್ಟೆಬಲ್ ಆಗಿ ಸೇರಿದವರಿಗೆ ಆ ಎತ್ತರ ಬಹುಮಟ್ಟಿಗೆ ಕನಸು. ಇತ್ತ ಡ್ರಿಲ್, ಬಂದೂಕು ಕಲಿತು ಬಂದವರು ಠಾಣೆಯಲ್ಲಿ ‘ರೈಟರ್’ ಆಗಿ ದಿನವಿಡೀ ಕಡತ ಬರೆಯುತ್ತಾರೆ. ಗುಮಾಸ್ತರು ಮಾಡಬಹುದಾದ ಕೆಲಸಕ್ಕೆ ಪೊಲೀಸರು. ಬೀದಿಯ ಗಸ್ತಿಗೆ ಜನ ಸಾಲದು!

2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಪ್ರಶ್ನೆಯನ್ನು ಇನ್ನಷ್ಟು ಹತ್ತಿರ ತಂದಿದೆ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಅದು ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದವರೆಗೆ ಕಾಲಾವಕಾಶವಿದೆ. ಆ ತಜ್ಞರು ಬಂದಾಗ ಮಾತು ಯಾರದು ನಡೆಯಬೇಕು? ರಕ್ತದ ಕಲೆಯನ್ನು ಓದಬಲ್ಲವರದೋ, ಭುಜದ ಮೇಲೆ ನಕ್ಷತ್ರ ಹೆಚ್ಚಿರುವವರದೋ? ಇಲ್ಲಿ ತಪ್ಪಿದರೆ ನಿರಪರಾಧಿ ಜೈಲು ಸೇರಬಹುದು, ಅಪರಾಧಿ ತಪ್ಪಿಸಿಕೊಳ್ಳಬಹುದು.

ಬಂಧಿಸುವ, ಬಲ ಪ್ರಯೋಗಿಸುವ ಅಧಿಕಾರ ಕಾನೂನಿಗೆ ಉತ್ತರ ಹೇಳಬೇಕಾದ ಪೊಲೀಸರಲ್ಲೇ ಇರಲಿ. ಸಿವಿಲ್ ಸಿಬ್ಬಂದಿಯೆಂದರೆ ಅಗ್ಗದ ಗುತ್ತಿಗೆ ನೌಕರರು ಎಂದಾಗುವುದೂ ಬೇಡ. ಅವರಿಗೆ ಕಾಯಂ ಹುದ್ದೆ, ಬಡ್ತಿ, ಸಭೆಯಲ್ಲಿ ಮಾತಾಡುವ ಹಕ್ಕು ಬೇಕು. ಎಲ್ಲವನ್ನೂ ತಾನೇ ಬಲ್ಲೆನೆನ್ನುವವನು ಒಳ್ಳೆಯ ಪೊಲೀಸ್ ನಾಯಕನಲ್ಲ. ಬಲ್ಲವರ ಮಾತಿಗೆ ಕಿವಿಗೊಟ್ಟು, ಹೊಣೆಯನ್ನು ತನ್ನ ಹೆಗಲ ಮೇಲೆ ಹೊರುವವನೇ ನಾಯಕ.