ಔಷಧದ ಶೀಶೆ ಕೆಳಗಿಡಿ, ಕಿವಿರು ಎತ್ತಿ ನೋಡಿ



ಯಾವ ಊರಿನ ಅಕ್ವೇರಿಯಂ ಅಂಗಡಿಗೇ ಹೋಗಿ, "ಅಣ್ಣಾ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ, ಏನಾದ್ರೂ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ನೀಲಿ ಬಣ್ಣದ ಸಣ್ಣ ಶೀಶೆ. ಆ ಮೆಥಿಲೀನ್ ಬ್ಲೂಗೂ ಅದರದ್ದೇ ಉಪಯೋಗ ಉಂಟು. ಆದರೆ ಮೀನಿಗೆ ಏದುಸಿರು ಬರಲು ಕಾರಣ ಹತ್ತಾರು, ಶೀಶೆ ಮಾತ್ರ ಒಂದೇ. ಈ ಪೀಠದಿಂದ ಇಂದು ಆಡಬೇಕಾದ ಮಾತು ಅದರ ಬಗ್ಗೆಯೇ: ಮೊದಲು ನೀರು ಪರೀಕ್ಷಿಸಿ, ಆಮೇಲೆ ಕಿವಿರು ನೋಡಿ. ಔಷಧದ ವಿಚಾರ ಅದಾದ ಮೇಲೆ.

ಕಿವಿರೆಂದರೆ ಮೀನಿನ ಶ್ವಾಸಕೋಶ ಎಂದು ಶಾಲೆಯಲ್ಲಿ ಕಲಿತು ಅಲ್ಲಿಗೇ ಬಿಟ್ಟವರು ನಮ್ಮಲ್ಲಿ ಬಹಳ ಜನ. ಹೋಮರ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ 1929ರಲ್ಲಿ ಗೆಂಡೆ ಮತ್ತು ಗೋಲ್ಡ್‌ಫಿಷ್‌ಗಳನ್ನು ನಡುವೆ ತಡೆ ಇರುವ ಪೆಟ್ಟಿಗೆಯಲ್ಲಿಟ್ಟು, ತಲೆಯ ಕಡೆಯ ನೀರನ್ನೂ ಬಾಲದ ಕಡೆಯ ನೀರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಮೂತ್ರಪಿಂಡ ಹೊರಹಾಕುವುದಕ್ಕಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಸಾರಜನಕದ ಕಲ್ಮಶವನ್ನು ಕಿವಿರು ಹೊರಹಾಕುತ್ತದೆ ಎಂಬುದು ಆಗ ಗೊತ್ತಾಯಿತು. ಉಸಿರಾಟದ ಜೊತೆಗೆ ಅಮೋನಿಯ ಚೆಲ್ಲುವುದು, ಮೈಯ ಲವಣಗಳನ್ನು ಹದದಲ್ಲಿಡುವುದು, ಎಲ್ಲವೂ ಕೂದಲೆಳೆಯಂಥ ಆ ಕೆಂಪು ಪದರಗಳ ಕೆಲಸ. ಹಾಗಾಗಿ ಕಿವಿರು ಕೆಟ್ಟ ಮೀನಿಗೆ ಉಸಿರು ಕಟ್ಟುವುದಷ್ಟೇ ಅಲ್ಲ, ಒಳಗೆ ವಿಷವೂ ಏರುತ್ತದೆ.

ರೋಗನಿದಾನದ ಮೊದಲ ಪ್ರಶ್ನೆ ತೀರಾ ಸರಳ. ತೊಟ್ಟಿಯ ಮೀನುಗಳೆಲ್ಲ ಒಮ್ಮೆಗೇ ಮೇಲೆ ಬಂದವೋ, ಒಂದೆರಡು ಮಾತ್ರವೋ? ಎಲ್ಲವೂ ಒಟ್ಟಿಗೆ ಬಂದಿದ್ದರೆ ತಪ್ಪು ಬಹುಪಾಲು ನೀರಿನದು. ರಾತ್ರಿ ಕರೆಂಟು ಹೋಗಿ ಏರ್ ಪಂಪ್ ನಿಂತಿರಬಹುದು. ಬೇಸಿಗೆಯಲ್ಲಿ ನೀರು ಕಾದಿರಬಹುದು: 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಹರಿವ ಹೊಳೆಗಳ ಮಿಸ್ ಕೇರಳದಂಥ ಮೀನು ಇದನ್ನು ಗೋಲ್ಡ್‌ಫಿಷ್‌ನಷ್ಟು ಸಹಿಸದು. ಬೆಟ್ಟಾ, ಗೌರಾಮಿಗಳ ಮಾತು ಬೇರೆ. ಮೇಲೆ ಬಂದು ಗಾಳಿ ನುಂಗುವುದು ಅವುಗಳ ಹುಟ್ಟುಗುಣ. ಅದನ್ನೇ ರೋಗವೆಂದು ತಿಳಿದು ಔಷಧ ಸುರಿದವರೂ ಇದ್ದಾರೆ.

ಇನ್ನು ನಲ್ಲಿ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಮನುಷ್ಯರಿಗೆ ಅದು ರಕ್ಷಣೆ. ಮೀನಿನ ಕಿವಿರಿಗೆ ಅದರ ಹತ್ತನೇ ಒಂದು ಪಾಲೂ ಒಳ್ಳೆಯದಲ್ಲ. ಭಾನುವಾರ ಅರ್ಧ ತೊಟ್ಟಿ ನೀರು ಬದಲಿಸಿ, ಸೋಮವಾರ ಮೀನಿಗೆ ಏನೋ ಸೋಂಕು ತಗುಲಿತೆಂದು ಅಂಗಡಿಗೆ ಓಡುವವರಿಗೆ ಬೇಕಾದದ್ದು ನಾಲ್ಕು ಹರಳು ಸೋಡಿಯಂ ಥಯೋಸಲ್ಫೇಟ್.

ಅಮೋನಿಯದ ಆಟ ಇನ್ನೂ ಸೂಕ್ಷ್ಮ. ಚೆನ್ನೈನ ಕೊಳತ್ತೂರಿನಿಂದ ಪಾಲಿಥಿನ್ ಚೀಲದಲ್ಲಿ ಬರುವ ಮೀನನ್ನೇ ತೆಗೆದುಕೊಳ್ಳಿ. ಗಂಟೆಗಟ್ಟಲೆ ಕಟ್ಟಿಟ್ಟ ಚೀಲದಲ್ಲಿ ಅಮೋನಿಯ ಸೇರುತ್ತಾ ಹೋಗುತ್ತದೆ, ಆದರೆ ಮೀನೇ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಇಳಿಸುವುದರಿಂದ ಅದರ ವಿಷ ಅಡಗಿ ಕೂತಿರುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇ. 0.6ರಷ್ಟು; ಪಿಎಚ್ 8 ಆದರೆ ಶೇ. 5ಕ್ಕೂ ಹೆಚ್ಚು. ಚೀಲ ಬಿಚ್ಚಿ, ಹೊಂದಿಕೊಳ್ಳಲಿ ಎಂದು ಸ್ವಲ್ಪ ಸ್ವಲ್ಪವೇ ಗಡಸು ಬೋರ್ ನೀರು ಬೆರೆಸುತ್ತಾ ಗಂಟೆ ಕಾಯುವವರು ಮೀನನ್ನು ಅದೇ ವಿಷದಲ್ಲಿ ನೆನೆಹಾಕಿದಂತಾಯಿತು. ದೂರದಿಂದ ಬಂದ ಮೀನಿಗೆ ಚೀಲವನ್ನು ತೇಲಿಬಿಟ್ಟು ಬಿಸಿ ಸರಿಹೊಂದಿಸಿ, ಬಿಚ್ಚಿದ ಕೂಡಲೇ ಬಲೆಯಲ್ಲಿ ಎತ್ತಿ ಬೇರೆ ತೊಟ್ಟಿಗೆ ಬಿಡುವುದೇ ಮೇಲು.

ಹೊಸ ತೊಟ್ಟಿಯ ಕಾಯಿಲೆಯೆಂದರೆ ನೈಟ್ರೈಟ್. ಅದು ರಕ್ತದ ಹಿಮೋಗ್ಲೋಬಿನ್ ಅನ್ನು ಕೆಡಿಸುವುದರಿಂದ, ಕಿವಿರು ಮುಚ್ಚಳ ಎತ್ತಿದರೆ ಕೆಂಪಿನ ಬದಲು ಕಂದು ಕಾಣುತ್ತದೆ. ಇದಕ್ಕೆ ಅಗ್ಗದ ಮದ್ದು ಅಡುಗೆಮನೆಯಲ್ಲೇ ಇದೆ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಹಾಕಿದರೆ ಅದರ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್‌ಗೆ ದಾರಿ ಬಿಡುವುದಿಲ್ಲ. ನೀಲಿ ಶೀಶೆಗೂ ಇಲ್ಲಿ ಸ್ವಲ್ಪ ಅರ್ಥವಿದೆ, ಕೆಟ್ಟ ಹಿಮೋಗ್ಲೋಬಿನ್ ಅನ್ನು ಅದು ಸರಿಪಡಿಸಬಲ್ಲದು. ಆದರೆ ಅದನ್ನು ಮುಖ್ಯ ತೊಟ್ಟಿಗೇ ಸುರಿದರೆ ನೈಟ್ರೈಟ್ ತಿನ್ನಬೇಕಾದ ಫಿಲ್ಟರಿನ ಬ್ಯಾಕ್ಟೀರಿಯಕ್ಕೇ ಪೆಟ್ಟು.

ನೀರು ಸರಿಯಿದ್ದೂ ಒಂದೊಂದೇ ಮೀನು ಗಾಜಿಗೆ, ಕಲ್ಲಿಗೆ ಮೈ ಉಜ್ಜುತ್ತಾ, ಒಂದು ಬದಿಯ ಮುಚ್ಚಳವನ್ನಷ್ಟೇ ಆಡಿಸುತ್ತಿದ್ದರೆ ಸೂಕ್ಷ್ಮದರ್ಶಕದ ಸರದಿ. ಲವಂಗದೆಣ್ಣೆಯ ಮದ್ದಿನಲ್ಲಿ ಮಂಪರು ಬಂದ ಮೀನನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಮುಚ್ಚಳ ಸರಿಸಿ, ಕಿವಿರಿನೆಳೆಯ ತುದಿಯನ್ನು ಅಕ್ಕಿಕಾಳಿಗಿಂತಲೂ ಚಿಕ್ಕದಾಗಿ ಕತ್ತರಿಸಿ, ತೊಟ್ಟಿಯದೇ ಒಂದು ಹನಿ ನೀರಿನೊಂದಿಗೆ ಗಾಜಿನ ಪಟ್ಟಿಯ ಮೇಲಿಟ್ಟರೆ ನೂರು ಪಟ್ಟು ಹಿಗ್ಗಿಸಿದಾಗ ಬೇರೆಯೇ ಲೋಕ. ಎಳೆಗಳ ನಡುವೆ ಉದ್ದವಾಗುತ್ತಾ ಕುಗ್ಗುತ್ತಾ ಇರುವ, ತಲೆಯಲ್ಲಿ ನಾಲ್ಕು ಕಪ್ಪು ಕಣ್ಚುಕ್ಕೆಗಳ ಹುಳು ಡ್ಯಾಕ್ಟಿಲೊಗೈರಸ್. ಇದಕ್ಕೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಒಳ್ಳೆಯ ಔಷಧ. ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆ ಒಡೆದ ಮೇಲೆ ಎರಡನೇ ಸುತ್ತು ಕೊಡದೆ, "ಔಷಧ ಡೂಪ್ಲಿಕೇಟು" ಎಂದು ಬೈಯುವುದೇ ಹೆಚ್ಚು.

ಬಿಳಿ ಚುಕ್ಕೆ ರೋಗದ ಇಕ್ ಜೀವಿಯೂ ಕೆಲವೊಮ್ಮೆ ಮೈಮೇಲೆ ಒಂದು ಚುಕ್ಕೆಯನ್ನೂ ತೋರಿಸದೆ ಕಿವಿರಿನಲ್ಲೇ ಮನೆಮಾಡಿರುತ್ತದೆ. ಕುದುರೆ ಲಾಳದಾಕಾರದ ಕೋಶಕೇಂದ್ರ ಕಂಡರೆ ಅನುಮಾನವೇ ಬೇಡ. ಅದಕ್ಕೆ ನೀರಿನ ಬಿಸಿ ಏರಿಸುವುದು ರೂಢಿ. ಆದರೆ ಕಿವಿರಿನ ತುದಿ ಹಳದಿ-ಬಿಳಿಯಾಗಿ ಕರಗುತ್ತಿದ್ದರೆ ಅದು ಕೊಲಮ್ನಾರಿಸ್ ಬ್ಯಾಕ್ಟೀರಿಯ ಇರಬಹುದು. ಬಿಸಿ ಏರಿಸಿದಷ್ಟೂ ಅದು ಚುರುಕಾಗುತ್ತದೆ. ಹೊರಗಿನಿಂದ ಎರಡೂ ಮೀನು ಒಂದೇ ರೀತಿ ಏದುಸಿರು ಬಿಡುತ್ತವೆ. ಒಂದನ್ನು ಉಳಿಸುವ ಹೀಟರ್ ಇನ್ನೊಂದನ್ನು ಕೊಲ್ಲುತ್ತದೆ. ಫಾರ್ಮಲಿನ್ ಬಳಸುವವರಿಗೂ ಒಂದು ಎಚ್ಚರಿಕೆ: ಲೀಟರಿಗೆ 5 ಮಿಲಿಗ್ರಾಂ ಫಾರ್ಮಲಿನ್ ಸುಮಾರು 1 ಮಿಲಿಗ್ರಾಂ ಆಮ್ಲಜನಕವನ್ನು ನುಂಗುತ್ತದೆ. ಉಸಿರಿಗೆ ಒದ್ದಾಡುವ ಮೀನಿಗೆ ಅದನ್ನು ಹಾಕುವಾಗ ಏರ್ ಸ್ಟೋನ್ ಎರಡಾಗಬೇಕು.

ಮದ್ದೇ ಇಲ್ಲದ ಕಾಯಿಲೆಯೂ ಇದೆ. 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕದಲ್ಲಿ ಗುರುತಿಸಿದ ಕೊಯಿ ಹರ್ಪಿಸ್ ವೈರಸ್ ತಗುಲಿದರೆ ಕಿವಿರಿನಲ್ಲಿ ಕೆಂಪು-ಬಿಳಿ ಮಚ್ಚೆ ಏಳುತ್ತದೆ, ಕೊಳದ ಮೀನು ಕೆಲವೇ ದಿನಗಳಲ್ಲಿ ಖಾಲಿಯಾಗಬಹುದು. ಅಂಥ ಮಚ್ಚೆ ಕಂಡವರು ಒಂದು ಮೀನನ್ನೂ ಮಾರದೆ, ಬಲೆ ಬಕೆಟ್ಟುಗಳನ್ನೂ ಹಂಚಿಕೊಳ್ಳದೆ, ಮಾದರಿಯನ್ನು ಹತ್ತಿರದ ಮೀನುಗಾರಿಕಾ ಪ್ರಯೋಗಾಲಯಕ್ಕೆ ಒಯ್ಯಬೇಕು. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲೇ ಇರುವಾಗ ನಾವು ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ಸಮಾವೇಶದ ಮುಂದೆ ಎರಡು ಸಲಹೆಗಳಿವೆ. ಮಾರುವವರು ಚೀಲದ ಮೇಲೆ ತಮ್ಮ ನೀರಿನ ಪಿಎಚ್ ಬರೆದು ಕೊಡಲಿ. ಪ್ರತಿ ಜಿಲ್ಲೆಯ ಸಾಕಣೆದಾರರು ಸೇರಿ ಒಂದು ಸೂಕ್ಷ್ಮದರ್ಶಕವನ್ನಾದರೂ ಕೊಳ್ಳಲಿ. ವಿದ್ಯಾರ್ಥಿಗಳು ಬಳಸುವಂಥದ್ದೇ ಸಾಕು. ಮಧ್ಯಾಹ್ನದ ಗೋಷ್ಠಿಯಲ್ಲಿ ಕಿವಿರಿನ ತುಣುಕು ತೆಗೆಯುವುದನ್ನು ತೋರಿಸಲಾಗುತ್ತದೆ. ಊಟವಾದ ಮೇಲೆ ಯಾರೂ ಮನೆ ಕಡೆ ಹೊರಡದೆ, ಮೊದಲು ಆ ಮೇಜಿನ ಬಳಿ ಬರಬೇಕು.