ಇರಲು ಒಂದು ಕಾಗದ, ಮರಳಲು ಇನ್ನೊಂದು



ಮಂಗಳೂರಿನ ಫಳ್ನೀರಿನಲ್ಲಿ ನಾನಿರುವ ಓಣಿಯಲ್ಲಿ ಮಕ್ಕಳು ಪರದೇಶದಲ್ಲಿ ಇಲ್ಲದ ಮನೆ ಅಪರೂಪ. ಹಿಂದಿನ ತಲೆಮಾರು ಕುವೈತ್, ದುಬೈಗಳಿಗೆ ಹೋಯಿತು. ಈಗಿನವರಲ್ಲಿ ಹಲವರು ಕಂಪ್ಯೂಟರ್ ಕಲಿತು ಅಮೆರಿಕಕ್ಕೆ ಹೋಗಿದ್ದಾರೆ. ನಮ್ಮ ನೆರೆಮನೆಯ ಬಾಯಮ್ಮನ ಮಗನೂ ಅಂಥವರಲ್ಲೊಬ್ಬ.

ಮಳೆಗಾಲದ ಒಂದು ಬೆಳಿಗ್ಗೆ ಬಾಯಮ್ಮ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಮಗನಿಗೆ ಫೋನು ಹೋಯಿತು. "ವೀಸಾ ಎಕ್ಸ್‌ಟೆನ್ಶನ್‌ಗೆ ಹಾಕಿದ್ದೇವೆ. ಉತ್ತರ ಬಂದಿಲ್ಲ. ಈಗ ಹೊರಟರೆ ತಿರುಗಿ ಬರುವುದು ಕಷ್ಟ" ಎಂದ. ಬಂಧುಗಳಲ್ಲಿ ಗುಸುಗುಸು ಎದ್ದಿತು. ಬಾಯಮ್ಮನ ತಮ್ಮ ನನ್ನನ್ನೇ ಕೇಳಿದರು: "ಅಲ್ಲಿ ಕೆಲಸ ಮಾಡ್ಲಿಕ್ಕೆ ಬಿಡ್ತಾರಂತೆ, ಊರಿಗೆ ಬಂದು ಹೋಗ್ಲಿಕ್ಕೆ ಆಗುದಿಲ್ವಂತೆ. ಇದೆಂತ ಕಾನೂನು ಮಾರಾಯ್ರೆ?"

ನಾನು ವಕೀಲನಲ್ಲ, ವಿಜ್ಞಾನ ಓದಿದವನು. ಆದರೂ ಆ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳಬೇಕೆನ್ನಿಸಿತು. ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ಕಲಿಸುತ್ತಾರೆ. ಅಂಗಡಿಯಲ್ಲಿ ಎರಡಕ್ಕೂ ನಾವು ತೂಕವೆಂದೇ ಅನ್ನುತ್ತೇವೆ. ಭೂಮಿಯ ಮೇಲಿರುವವರೆಗೆ ತೊಂದರೆಯಿಲ್ಲ, ಚಂದ್ರನ ಮೇಲೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. 'ವೀಸಾ' ಎಂಬ ಮಾತೂ ಹಾಗೆಯೇ. ಒಂದೇ ಹೆಸರಿನಲ್ಲಿ ನಾವು ಮೂರು ಕಾಗದಗಳನ್ನು ಬೆರೆಸಿಬಿಟ್ಟಿದ್ದೇವೆ.

ಮೊದಲನೆಯದು, ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ. ಅದು ಆ ದೇಶದ ಬಾಗಿಲು ತಟ್ಟಲು ಬೇಕಾದದ್ದು. ಎರಡನೆಯದು, ಐ-94 ಎಂಬ ದಾಖಲೆ. ಒಳಗೆ ಹೋದವರು ಯಾವ ದಿನದವರೆಗೆ ಇರಬಹುದೆಂದು ಅದು ಹೇಳುತ್ತದೆ. ಮೂರನೆಯದು, ಕಂಪನಿಯ ಅರ್ಜಿಗೆ ಸರ್ಕಾರ ಕೊಟ್ಟ ಮಂಜೂರಾತಿ. ಎಚ್-1ಬಿ ವರ್ಗದಲ್ಲಿ ಮೊದಲು 3 ವರ್ಷದವರೆಗೆ, ಆಮೇಲೆ ವಿಸ್ತರಿಸಿ ಸಾಮಾನ್ಯವಾಗಿ ಒಟ್ಟು 6 ವರ್ಷದವರೆಗೆ ಅದು ಸಿಗುತ್ತದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರಿಗೆ ಅದಕ್ಕೂ ಮೀರಿ ಸಿಗುವುದುಂಟು.

ಅವಧಿ ಮುಗಿಯುವ ಮೊದಲೇ ಕಂಪನಿ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ಉತ್ತರ ಬರುವವರೆಗೆ ಅದೇ ಕಂಪನಿಯಲ್ಲಿ 240 ದಿನಗಳವರೆಗೆ ಕೆಲಸ ಮುಂದುವರಿಸಬಹುದು. ಬಾಯಮ್ಮನ ತಮ್ಮನಿಗೆ ಸೋಜಿಗವೆನಿಸಿದ್ದು ಇದೇ. ಆದರೆ ಈ 240 ದಿನಗಳ ರಿಯಾಯಿತಿ ಒಳಗಿರುವವರಿಗೆ ಮಾತ್ರ. ಹೊಸ್ತಿಲು ದಾಟಿದ ಮೇಲೆ ಅದನ್ನು ತೋರಿಸಿ ಮರಳಿ ಒಳಗೆ ಹೋಗಲಾಗದು.

ಹಾಗಾದರೆ ಹೊರಟರೆ ಏನಾಗುತ್ತದೆ? ಮೂರು ಸಂದರ್ಭಗಳಿವೆ.

ಹಳೆಯ ಮಂಜೂರಾತಿ, ಹಳೆಯ ವೀಸಾ ಎರಡೂ ಜೀವಂತವಾಗಿದ್ದರೆ, ಅವು ಮುಗಿಯುವುದರೊಳಗೆ ಹೋಗಿ ಬರಲು ಸಾಧ್ಯವಿದೆ. ಆದರೆ ಗಡಿಯಲ್ಲಿ ಕೊಡುವ ದಿನಾಂಕ ಹಳೆಯ ಅವಧಿಗೇ ನಿಲ್ಲಬಹುದು. ಆದ್ದರಿಂದ ಮರಳಿದ ಕೂಡಲೇ ಐ-94ರ ದಿನಾಂಕವನ್ನು ಕಂಪನಿಯ ವಕೀಲರಿಗೆ ತೋರಿಸಬೇಕು.

ಹಳೆಯ ಅವಧಿ ಮುಗಿದು 240 ದಿನಗಳ ಆಸರೆಯಲ್ಲಿರುವವರು ಹೊರಟರೆ, ಮಂಜೂರಾತಿ ಬಂದು, ಹೊಸ ವೀಸಾ ಅಂಟಿಸಿಕೊಳ್ಳುವವರೆಗೆ ಊರಿನಲ್ಲೇ ಉಳಿಯಬೇಕಾಗುತ್ತದೆ. ಬಾಯಮ್ಮನ ಮಗನ ಸ್ಥಿತಿ ಇದೇ ಆಗಿತ್ತು.

ಮೂರನೆಯದು ಇನ್ನೂ ಸೂಕ್ಷ್ಮ. ವಿದ್ಯಾರ್ಥಿಯಾಗಿ ಹೋದವರು ಅಲ್ಲಿದ್ದುಕೊಂಡೇ ಕೆಲಸದ ವರ್ಗಕ್ಕೆ ಬದಲಾಯಿಸಲು ಅರ್ಜಿ ಹಾಕಿ, ತೀರ್ಮಾನಕ್ಕೆ ಮೊದಲೇ ದೇಶ ಬಿಟ್ಟರೆ, ಆ ಬದಲಾವಣೆಯ ಕೋರಿಕೆಯನ್ನೇ ಕೈಬಿಟ್ಟಂತೆ ಎಣಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಹೀಗೆ ನಡುವೆ ಹೊರಟವರಿಗೂ ಅದು ಅನ್ವಯಿಸುತ್ತದೆಂದು ಮರುತಿಂಗಳ ವಿವರಣೆ ಹೇಳಿತು.

ಹೊಸ ವೀಸಾವನ್ನು ಅಲ್ಲಿಯೇ ಅಂಟಿಸಿಕೊಂಡು ಬರಬಾರದೇ ಎಂದು ತಾವು ಕೇಳಬಹುದು. 2004ರವರೆಗೆ ಆ ಅನುಕೂಲವಿತ್ತು, ಆಮೇಲೆ ನಿಂತಿತು. 2024ರ ಆರಂಭದಲ್ಲಿ ಕೆಲವು ವಾರಗಳ ಕಾಲ ಪ್ರಯೋಗವಾಗಿ ಸೀಮಿತ ಸಂಖ್ಯೆಯವರಿಗೆ ತೆರೆದರು. ಉಳಿದವರು ಹೊರದೇಶದ ಕಾನ್ಸುಲೇಟಿನ ಮುಂದೆ ನಿಲ್ಲಬೇಕು. ನಮ್ಮ ಕಡೆಯವರಿಗೆ ಬಹುಕಾಲದಿಂದ ಅದು ಚೆನ್ನೈ. ಆ ಸಾಲಿನ ಉದ್ದವನ್ನು ಯಾರೂ ಮುಂಗಂಡು ಹೇಳಲಾರರು. 2025ರ ಡಿಸೆಂಬರ್ 15ರಿಂದ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸತೊಡಗಿದಾಗ, ರಜೆಯೆಂದು ಊರಿಗೆ ಬಂದಿದ್ದ ಅನೇಕರ ಸಂದರ್ಶನದ ದಿನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಅಲ್ಲಿ, ತಾವು ಇಲ್ಲಿ.

ಗಲ್ಫಿನ ಬಲ್ಲವರಿಗೆ ಇದು ಹೊಸದಲ್ಲ. ಯುಎಇಯ ಸಾಮಾನ್ಯ ವಾಸದ ವೀಸಾ, ಸತತ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಬಿದ್ದುಹೋಗುತ್ತದೆ. ಸೌದಿಯಿಂದ ರಜೆಗೆ ಬರುವವರು ಹೋಗಿ-ಬರುವ ಅನುಮತಿ ಪಡೆದು, ಅದರ ದಿನದೊಳಗೆ ಮರಳಬೇಕು. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ, ರಜೆಗೆ ಬಂದಿದ್ದ ನಮ್ಮ ಕರಾವಳಿಯ ಅನೇಕರ ಅವಧಿ ಊರಿನಲ್ಲಿಯೇ ಮುಗಿಯಿತು. ಕೆಲವು ದೇಶಗಳು ತಾವಾಗಿಯೇ ಅವಧಿ ವಿಸ್ತರಿಸಿದವು. ಆದರೂ ಕೆಲಸ ಕಳೆದುಕೊಂಡವರಿದ್ದರು.

ಆದ್ದರಿಂದ ಹೊರಡುವವರಿಗೆ ನನ್ನ ಸಲಹೆ ಇಷ್ಟು: ಟಿಕೆಟಿಗೆ ಮೊದಲು ಮೂರೂ ಕಾಗದಗಳ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಚ್ಚಿನ ಶುಲ್ಕ ಕಟ್ಟಿದರೆ ಸುಮಾರು 15 ಕೆಲಸದ ದಿನಗಳಲ್ಲಿ ಅರ್ಜಿಯ ಮೇಲೆ ಕ್ರಮ ಕೈಗೊಳ್ಳುವ ವ್ಯವಸ್ಥೆಯಿದೆ. ಅದರ ಬಗ್ಗೆ ಕಂಪನಿಯನ್ನು ಕೇಳಿ. ಊರಿನಲ್ಲಿ ತಿಂಗಳುಗಟ್ಟಲೆ ಉಳಿಯಬೇಕಾದರೆ ಸಂಬಳದ ಗತಿಯೇನೆಂದು ಮೊದಲೇ ವಿಚಾರಿಸಿ. ಇದನ್ನೆಲ್ಲ ತೂಗಿ ನೋಡಿದ ಮೇಲೂ ಬರಬೇಕೆನಿಸಿದರೆ ಬನ್ನಿ. ಕೆಲಸ ಹೋದರೂ ತಾಯಿಯ ಮುಖ ನೋಡಬೇಕೆನ್ನುವ ಹೊತ್ತು ಇರುತ್ತದೆ. ಆದರೆ ಆ ಆಯ್ಕೆಯನ್ನು ತಿಳಿದು ಮಾಡಬೇಕು, ವಿಮಾನ ಇಳಿದ ಮೇಲೆ ತಿಳಿಯುವಂತಾಗಬಾರದು.

ಊರಿನಲ್ಲಿರುವ ನಮಗೂ ಒಂದು ಮಾತು. ಬಾರದ ಮಗನನ್ನು ಕಲ್ಲೆದೆಯವನೆಂದು ತೀರ್ಮಾನಿಸುವ ಮೊದಲು, ಅವನ ಕಾಗದ ಯಾವ ಮೇಜಿನ ಮೇಲಿದೆಯೆಂದು ಕೇಳೋಣ. ಮಗನ ಬದಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಕುಳಿತುಕೊಳ್ಳೋಣ. ನಮ್ಮ ಓಣಿಯವರು ಸರದಿಯ ಮೇಲೆ ಹಾಗೆ ಕುಳಿತರು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಬಾಯಮ್ಮ ಫೋನಿನಲ್ಲಿ ಮಗನಿಗೆ ಹೇಳಿದ್ದು ಒಂದೇ ಮಾತು: "ಕಾಗದ ಬಂದ ಮೇಲೆ ಬಾ, ಪುತಾ."

ಈಗ ಅವರು ವಾಕರ್ ಹಿಡಿದು ಜಗುಲಿಯವರೆಗೆ ಬರುತ್ತಾರೆ. ಮಗನ ಮಂಜೂರಾತಿ ಬಂದಿದೆ. ಚೆನ್ನೈಯ ಸಂದರ್ಶನಕ್ಕೆ ದಿನ ಇನ್ನೂ ಸಿಕ್ಕಿಲ್ಲ.