ತಟ್ಟುವಿನ ಹಿಂಗಾಲಿನ ನೋವು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ವಾಚನಾಲಯದಲ್ಲಿ ಕುದುರೆಯ ಕಾಲಿನ ಮಾತೇಕೆಂದು ಕೆಲವರು ಕೇಳಿಯಾರು. ಎರಡು ದಿನ ರಜೆ ಸಿಕ್ಕರೆ ನಾವು ಮುಂಬಯಿಯವರು ನೇರಳದಲ್ಲಿಳಿದು ಮಾಥೇರಾನ ಬೆಟ್ಟಕ್ಕೆ ಹೋಗುವವರು. ದಸ್ತೂರಿ ನಾಕೆಯಿಂದಾಚೆಗೆ ನಮ್ಮ ಮೋಟಾರಿಗೆ ಪ್ರವೇಶವಿಲ್ಲ. ಮಕ್ಕಳು, ಮುದುಕರು, ಗಂಟುಮೂಟೆಗಳಿಗೆ ಅನೇಕ ವೇಳೆ ತಟ್ಟುವಿನ ಬೆನ್ನೇ ಗತಿ. ಆ ತಟ್ಟು ಕುಂಟಿದರೆ ಅದರ ಯಜಮಾನನ ಮನೆಯ ಒಲೆಯೂ ಕುಂಟುತ್ತದೆ. ದಿನಗೂಲಿಯ ಲೆಕ್ಕವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮುಂಗಾಲು ನೊಂದ ಕುದುರೆ ತಲೆಯಾಡಿಸಿಯೇ ಹೇಳಿಬಿಡುತ್ತದೆ. ಹಿಂಗಾಲಿನ ನೋವು ಅಷ್ಟು ಬೇಗ ಕಣ್ಣಿಗೆ ಬೀಳದು. ಗಟ್ಟಿ ನೆಲದ ಮೇಲೆ ಸಣ್ಣಗೆ ಓಡಿಸಿ, ಹಿಂದೆ ನಿಂತು ಸೊಂಟವನ್ನು ನೋಡಬೇಕು. ನೊಂದ ಪಕ್ಕ ಹೆಚ್ಚು ಏರಿಳಿಯುತ್ತದೆ. ಲಾಳದ ಮುಂತುದಿ ಸವೆದಿದ್ದರೆ ಕಾಲನ್ನು ಎಳೆಯುತ್ತಿದೆಯೆಂದು ತಿಳಿಯಬಹುದು.

ಮೊದಲು ಗೊರಸನ್ನು ಪರೀಕ್ಷಿಸಬೇಕು. ಮೊಳೆಯೋ ಹರಳೋ ಚುಚ್ಚಿ ಒಳಗೆ ಕೀವು ಕಟ್ಟಿದ್ದರೆ, ಅದನ್ನು ಹೊರಬಿಟ್ಟು ಧನುರ್ವಾಯುವಿನ ಚುಚ್ಚುಮದ್ದು ಕೊಡಿಸಿದರೆ ಸಾಮಾನ್ಯವಾಗಿ ಬೇಗ ಗುಣವಾಗುತ್ತದೆ. ಇದನ್ನು ಬಿಟ್ಟು ತೊಡೆಗೆ ಎಣ್ಣೆ ತಿಕ್ಕುತ್ತ ತಿಂಗಳು ಕಳೆಯುವವರುಂಟು.

ತಿಂಗಳುಗಟ್ಟಲೆ ಎಳೆಯುವ ನೋವಿಗೆ ಮೂಲಗಳು ಹಲವು. ಎರಡನ್ನು ಮಾತ್ರ ಹೇಳುತ್ತೇವೆ, ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ಕೇಡು.

ಮೊದಲನೆಯದು ಕಣಕಾಲಿನ ಹಿಂದಿನ ಹುರಿ ಹರಿಯುವುದು. ಮೊದಲ ಎರಡು ದಿನ ತಣ್ಣೀರು ಬಿಟ್ಟು ಪಟ್ಟಿ ಕಟ್ಟಬೇಕು. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ. ಮೋಸ ಹೋಗುವುದು ಇಲ್ಲಿಯೇ. ಹರಿದ ಎಳೆಗಳು ಕೂಡಿ ಬಲಗೊಳ್ಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಊತ ಇಳಿಯಿತೆಂದು ಜೀನು ಬಿಗಿದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ. ನೋವಿನ ಮದ್ದು ಕೊಟ್ಟು ದುಡಿಸುವುದು ಇನ್ನೂ ಕೆಟ್ಟದ್ದು. ಮೊದಲು ಲಾಯದಲ್ಲಿ ವಿಶ್ರಾಂತಿ, ಆಮೇಲೆ ಹಗ್ಗ ಹಿಡಿದು ದಿನಕ್ಕೆ ಐದು ಹತ್ತು ನಿಮಿಷ ನಡಿಗೆ, ವಾರವಾರಕ್ಕೂ ಸ್ವಲ್ಪ ಹೆಚ್ಚು. ಬರೆ ಹಾಕಿಸಿದ ಮೇಲೆ ಗುಣವಾಯಿತೆನ್ನುವವರಿದ್ದಾರೆ. ಅದು ಬರೆಯ ಮಹಿಮೆಯಲ್ಲ, ಬರೆಯ ನೆಪದಲ್ಲಿ ಸಿಕ್ಕ ವಿಶ್ರಾಂತಿಯ ಫಲ.

ಎರಡನೆಯದು ಮಂಡಿಚಿಪ್ಪು ಸಿಕ್ಕಿಕೊಳ್ಳುವುದು. ಕುದುರೆ ನಿಂತೇ ತೂಕಡಿಸಬಲ್ಲುದು. ಮಂಡಿಚಿಪ್ಪನ್ನು ತೊಡೆಯೆಲುಬಿನ ಉಬ್ಬಿಗೆ ಸಿಕ್ಕಿಸಿ ಹಿಂಗಾಲಿಗೆ ಅಗುಳಿ ಹಾಕಿಕೊಳ್ಳುತ್ತದೆ. ತೊಡೆ ಸೊರಗಿದ ಎಳೆಯ ತಟ್ಟುಗಳಲ್ಲಿ ಈ ಅಗುಳಿ ಬೇಕೆಂದಾಗ ಬಿಡುವುದಿಲ್ಲ. ಕಾಲು ಹಿಂದಕ್ಕೆ ನೆಟ್ಟಗೆ ಚಾಚಿ ನಿಂತು, ಥಟ್ಟನೆ ಝಾಡಿಸಿದಂತೆ ಮುಂದೆ ಬರುತ್ತದೆ. ಇಂಥದನ್ನು ಲಾಯದಲ್ಲಿ ಕಟ್ಟಿಹಾಕಿದರೆ ತೊಡೆ ಇನ್ನಷ್ಟು ಸೊರಗುತ್ತದೆ. ಒಳ್ಳೆಯ ಮೇವು, ದಿನವೂ ನಡಿಗೆ, ಸಣ್ಣ ಏರು ಹತ್ತಿಸುವುದು, ಇವೇ ಚಿಕಿತ್ಸೆ. ಇದಕ್ಕೂ ಬಗ್ಗದಿದ್ದರೆ ಮಾತ್ರ ವೈದ್ಯರು ಮಂಡಿಯ ಒಂದು ಕಟ್ಟನ್ನು ಕೊಯ್ಯುತ್ತಾರೆ.

ನೊಂದ ಕಾಲನ್ನು ನೋಡುತ್ತ ಇನ್ನೊಂದನ್ನು ಮರೆಯಬಾರದು. ಅಮೆರಿಕೆಯ ಬಾರ್ಬಾರೊ ಎಂಬ ಪಂದ್ಯದ ಕುದುರೆ 2006ರ ಮೇ ತಿಂಗಳಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯಾಯಿತು, ಆರೈಕೆಗೆ ಏನೂ ಕೊರತೆಯಿರಲಿಲ್ಲ. ಆದರೆ ಭಾರ ಹೊತ್ತ ಎಡ ಹಿಂಗಾಲಿನ ಗೊರಸಿನೊಳಗೆ ಉರಿಯೂತವೆದ್ದು, ಅದು ಬೇರೆ ಕಾಲುಗಳಿಗೂ ಬಂದು, 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಆದುದರಿಂದ ಲಾಯದಲ್ಲಿ ಮೆತ್ತನೆಯ ಹುಲ್ಲು ಹಾಸಿ, ನೆಟ್ಟಗಿರುವ ಕಾಲಿನ ಗೊರಸು ಬಿಸಿಯಾಗಿದೆಯೇ ಎಂದು ದಿನವೂ ಮುಟ್ಟಿ ನೋಡಬೇಕು. ದುಡಿಯದಿರುವಾಗ ಹುರುಳಿಯನ್ನೂ ಕಡಿಮೆ ಮಾಡಬೇಕು.

ಗಾಯಗೊಂಡ, ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ನಿವಾರಣಾ ಕಾಯದೆಯಂತೆ ಅಪರಾಧ. 1965ರ ನಿಯಮಗಳು ತಟ್ಟುವಿನ ಬೆನ್ನಿಗೆ 70 ಕಿಲೋಗಿಂತ ಹೆಚ್ಚು ಸಾಮಾನು ಹೇರಬಾರದೆನ್ನುತ್ತವೆ. ಆದರೆ ಕಾಯದೆಯಿಂದ ಒಲೆ ಉರಿಯದು. ಬಾಡಿಗೆಗೆ ಹೇಳಿದ ತಟ್ಟು ಕುಂಟುತ್ತಿದ್ದರೆ ನಾವು ಏರುವುದು ಬೇಡ. ಯಜಮಾನನೊಡನೆ ಜಗಳವೂ ಬೇಡ. ನಡೆಯಬಲ್ಲವರು ಅವನನ್ನೇ ದಾರಿ ತೋರಿಸಲು, ಕೈಚೀಲ ಹೊರಲು ಕರೆದು ಕೂಲಿ ಕೊಡೋಣ. ತಟ್ಟುವನ್ನು ಪಶುವೈದ್ಯರಿಗೆ ತೋರಿಸಪ್ಪಾ ಎಂದೂ ಹೇಳೋಣ. ಮುಂಬಯಿಯಲ್ಲಿಯೇ ಕುದುರೆ ಸಾಕಿದವರು ಯಾರಾದರೂ ಕೇಳಿದರೆ, ಪರೇಲದ ಬಾಯಿ ಸಕರಬಾಯಿ ದಿನ್ಶಾ ಪೇಟಿಟ್ ಪ್ರಾಣಿಗಳ ಆಸ್ಪತ್ರೆಯ ದಾರಿಯನ್ನು ನಮ್ಮಲ್ಲಿ ಯಾರು ಬೇಕಾದರೂ ತೋರಿಸಬಹುದು.